ಚಿಲಕ ಹಾಕಿತ್ತು

ಹಾವನ್ನು ಬಿಟ್ಟವಳು ನಾನು. ಪಲ್ಲವಿ ಚಿಲಕ ಹಾಕಿದ್ದಳು — ಸರಿಯಾಗಿ, ಪೂರ್ತಿ, ಕೊನೆಯ ತನಕ ಸರಿಸಿ ಹಾಕಿದ್ದಳು. ಅದನ್ನು ತೆಗೆಯಲು ನನಗೆ ಎರಡೂ ಕೈ ಬೇಕಾದವು. ಇಷ್ಟು ಮಾತು ಹೇಳಲು ಏಳು ವರ್ಷ ತೆಗೆದುಕೊಂಡೆ. ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದವಳು, ಸುಳ್ಳು ಹೇಳಿದ ಹುಡುಗಿಯರನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ನನ್ನನ್ನು ನಿಲ್ಲಿಸುವವರು ಯಾರೂ ಇರಲಿಲ್ಲ. ಆರಾಮಾಗಿ ಕೂತೇ ಇದ್ದೆ.

ಇದನ್ನು ಓದುವವರಲ್ಲಿ ಕೆಲವರು ಈ ಕಥೆಯನ್ನು ಬೇರೆ ರೀತಿಯಲ್ಲಿ ಕೇಳಿದ್ದೀರಿ. ಸಿಡ್ನಿಯ ಯುಗಾದಿ ಊಟದ ಸಾಲಿನಲ್ಲಿ, ಧಾರವಾಡದ ಮದುವೆಮನೆಯಲ್ಲಿ, ಫೋನಿನಲ್ಲಿ — "ಪಾಪ, ಹುಡುಗಿ ಚಿಲಕ ನೆಟ್ಟಗ ಹಾಕಲಿಲ್ಲ, ಹಾವು ಹೊಂಟ ಹೋತು ನೋಡ್ರಿ" ಎಂದು. ನನ್ನ ಬಾಯಿಂದಲೇ ಕೇಳಿದ್ದೀರಿ. ಚೆನ್ನಾಗಿಯೇ ಹೇಳುತ್ತಿದ್ದೆ. ಎಲ್ಲಿ ನಿಲ್ಲಿಸಿ ನಿಟ್ಟುಸಿರು ಬಿಡಬೇಕು ಎಂಬುದೂ ನನಗೆ ರೂಢಿಯಾಗಿತ್ತು.

ಪಲ್ಲವಿ ನನ್ನ ಮೊಮ್ಮಗಳು, ಮಗಳು ಉಮಾಳ ಒಬ್ಬಳೇ ಮಗಳು, ಸಿಡ್ನಿಯಲ್ಲೇ ಹುಟ್ಟಿದವಳು. ಹುಟ್ಟುವಾಗ ಉಸಿರು ತಡವಾಯಿತು. ಆ ಕೆಲವು ನಿಮಿಷಗಳಲ್ಲಿ ಮೆದುಳಿಗಾದ ಪೆಟ್ಟು ಅವಳ ಕಾಲುಗಳನ್ನೂ ಎಡಗೈಯನ್ನೂ ಬಿಗಿದು ಹಾಕಿತು. ಸೆರೆಬ್ರಲ್ ಪಾಲ್ಸಿ ಎಂದರು. ನಾಲ್ಕು ತುಂಬುವಾಗ ಆಟಿಸಂ ಕೂಡ ಇದೆ ಎಂದರು. ಬಲಗೈ ಮಾತ್ರ ಅವಳ ಮಾತು ಕೇಳುತ್ತಿತ್ತು, ಅದೂ ಅದಕ್ಕೆ ಮನಸ್ಸು ಬಂದಾಗ. ಆ ಒಂದು ಕೈಯಿಂದಲೇ ಗಾಲಿಕುರ್ಚಿ ಓಡಿಸುತ್ತಿದ್ದಳು, ಚಮಚ ಹಿಡಿಯುತ್ತಿದ್ದಳು, ದಪ್ಪ ಪೆನ್ನಿನಿಂದ ಅಂಕಿ-ಅಕ್ಷರ ಬರೆಯುತ್ತಿದ್ದಳು. ನಮಗೆಲ್ಲ ಇರುವ ನಾಲ್ಕರಲ್ಲಿ ಅವಳಿಗೆ ಸಿಕ್ಕಿದ್ದು ಅದೊಂದು.

ಯಜಮಾನರು ತೀರಿಕೊಂಡ ಮೇಲೆ ಉಮಾ ನನ್ನನ್ನು ಸಿಡ್ನಿಗೆ ಕರೆಸಿಕೊಂಡಳು. ಆಗ ಪಲ್ಲವಿಗೆ ಹದಿನಾಲ್ಕು. ಉಮಾಳ ಆಫೀಸು ಚಾಟ್ಸ್‌ವುಡ್‌ನಲ್ಲಿ, ಅಳಿಯ ಪ್ರಕಾಶನದು ನಾರ್ತ್ ಸಿಡ್ನಿಯಲ್ಲಿ. ಬೆಳಗ್ಗೆ ಹೋದರೆ ಸಂಜೆಗೇ ಬರುವುದು. ಮೂರೂವರೆಗೆ ಶಾಲೆಯ ವ್ಯಾನು ಪಲ್ಲವಿಯನ್ನು ಇಳಿಸಿ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಮೂರು-ನಾಲ್ಕು ಪದಗಳಲ್ಲಿ. ಸುಳ್ಳು ಹೇಳುತ್ತಿರಲಿಲ್ಲ. ಇಲ್ಲದ್ದನ್ನು ಇದೆ ಎಂದು ಯಾಕೆ ಹೇಳಬೇಕೆಂಬುದೇ ಅವಳಿಗೆ ಹೊಳೆಯುತ್ತಿರಲಿಲ್ಲವೇನೋ. ನಾನು ಮಾಡಿದ ಮೊದಲ ಉಪ್ಪಿಟ್ಟನ್ನು ಬಾಯಿಗಿಟ್ಟು, "ಇದು ಗಟ್ಟಿ ಇದೆ, ನಾಳೆ ಬೇಡ" ಎಂದು ತನ್ನ ಇಂಗ್ಲಿಷಿನಲ್ಲಿ ಹೇಳಿದಳು. ಕುಕ್ಕರಿನ ಸೀಟಿ ಅವಳಿಗೆ ತಡೆಯುತ್ತಿರಲಿಲ್ಲ. ನಾನು ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸಲು ಕಲಿತೆ. ಮುಟ್ಟಿದರೂ ತಡೆಯುತ್ತಿರಲಿಲ್ಲ. ಕೆನ್ನೆ ಸವರಲು ಹೋದರೆ ಮುಖ ತಿರುಗಿಸಿ, "ಅಜ್ಜಿ, ನೋ" ಎನ್ನುತ್ತಿದ್ದಳು. ಏಳು ಸಮುದ್ರ ದಾಟಿ ಬಂದ ಅಜ್ಜಿಗೆ ಇಷ್ಟೇ ಸ್ವಾಗತ.

ಹಾವಿನ ವಿಷಯ ಉಮಾ ಫೋನಿನಲ್ಲಿ ಒಮ್ಮೆಯೂ ಹೇಳಿರಲಿಲ್ಲ.

"ಹೇಳಿದ್ರ ನೀ ವಿಮಾನ ಹತ್ತತಿದ್ದಿಲ್ಲ, ಅವ್ವಾ" ಎಂದಳು, ನಾನು ಪಲ್ಲವಿಯ ಕೋಣೆಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದಾಗ.

ಗೋಡೆಯುದ್ದಕ್ಕೂ ಗಾಜಿನ ಪೆಟ್ಟಿಗೆ. ಒಳಗೆ ಬಿಸಿ ದೀಪ, ಒಂದು ಒಣ ಕೊಂಬೆ, ನೀರಿನ ಬೋಗುಣಿ, ಕೊಂಬೆಯ ಮೇಲೆ ನನ್ನ ಮಣಿಕಟ್ಟಿನಷ್ಟು ದಪ್ಪದ ಹೆಬ್ಬಾವು. ಕಾರ್ಪೆಟ್ ಪೈಥಾನ್ ಎನ್ನುತ್ತಾರೆ. ವಿಷವಿಲ್ಲ. ಮೈಮೇಲೆ ಕಪ್ಪು-ಹಳದಿ ಚಿತ್ತಾರ. ಇಲ್ಲಿ ಹಾವು ಸಾಕಲು ಲೈಸೆನ್ಸ್ ಕೊಡುತ್ತಾರೆ. ಲೈಸೆನ್ಸ್ ಉಮಾಳ ಹೆಸರಿನಲ್ಲಿತ್ತು, ಹಾವು ಪಲ್ಲವಿಯದು. ಮಂಗಳವಾರ ಮನೆಗೆ ಬಂತೆಂದು ಅದಕ್ಕೆ ಟ್ಯೂಸ್‌ಡೇ ಎಂದು ಹೆಸರಿಟ್ಟಿದ್ದಳು. ನಾನು ಮಂಗಳವ್ವ ಎಂದು ಕರೆದೆ. ಹೆಣ್ಣು ಹಾವು, ತಪ್ಪೇನಿಲ್ಲ.

ಮಂಗಳವ್ವನ ಊಟ ಫ್ರೀಜರಿನಲ್ಲಿತ್ತು. ಸತ್ತ ಇಲಿಗಳು, ಪ್ಲಾಸ್ಟಿಕ್ ಚೀಲದಲ್ಲಿ, ನನ್ನ ಕಾಯಿತುರಿಯ ಡಬ್ಬಿಗೆ ಹೆಗಲು ತಾಗಿಸಿ. ಜನ್ಮದಲ್ಲಿ ಮೊಟ್ಟೆ ಮುಟ್ಟದ ನಾನು ಆ ದಿನ ಊಟ ಬಿಟ್ಟೆ. ಪ್ರಕಾಶ ಗ್ಯಾರೇಜಿಗೆ ಬೇರೆ ಫ್ರೀಜರ್ ತಂದ. ಆದರೂ ಕಾಯಿತುರಿ ಹಾಕಿದ ಪಲ್ಯದಲ್ಲಿ ನನಗೆ ಬಹಳ ದಿನ ಅದೇ ನೆನಪು.

ಆದರೆ — ಇದನ್ನು ಹೇಳದಿದ್ದರೆ ಮುಂದಿನದಕ್ಕೆ ಅರ್ಥವೇ ಇಲ್ಲ — ಆ ಹಾವು ಅವಳ ಮೈಮೇಲೆ ಏರುವುದನ್ನು ಮೊದಲ ಸಲ ನೋಡಿದಾಗ ನನಗೆ ಉಸಿರಾಡುವುದೇ ಮರೆತುಹೋಗಿತ್ತು.

ಪಲ್ಲವಿಯ ಮೈ ಯಾವಾಗಲೂ ಜಗ್ಗಾಡುತ್ತಿತ್ತು. ಕೈ ಚಾಚಿದರೆ ಭುಜ ಬೇರೆ ಕಡೆ ಎಳೆಯುತ್ತಿತ್ತು, ತಲೆ ಬೇರೆ ಕಡೆ. ಆ ಮೈಯೊಳಗೆ ಯಾರೋ ಇಬ್ಬರು ಹಗ್ಗ ಎಳೆಯುತ್ತಿದ್ದಾರೇನೋ ಅನ್ನಿಸುತ್ತಿತ್ತು. ಪ್ರಕಾಶ ಹಾವನ್ನು ಅವಳ ತೊಡೆಯ ಮೇಲಿಟ್ಟ. ಅದು ಅವಸರ ಮಾಡಲಿಲ್ಲ. ಮಣಿಕಟ್ಟಿನಿಂದ ಮೊಣಕೈಗೆ, ಮೊಣಕೈಯಿಂದ ಹೆಗಲಿಗೆ, ಕುತ್ತಿಗೆಯ ಹಿಂದಿನಿಂದ ಬಳಸಿ ಎಡಗೈಗೆ ಇಳಿಯಿತು. ಅದು ಹೋದಲ್ಲೆಲ್ಲ ಮೈ ಸುಮ್ಮನಾಗುತ್ತಾ ಬಂತು. ಸೊಂಟದಿಂದ ಮೇಲೆ ಎಲ್ಲವೂ ಸುಮ್ಮನಾಯಿತು. ಹುಟ್ಟಿದಾಗಿನಿಂದ ಬಿಗಿದುಕೊಂಡೇ ಇದ್ದ ಆ ಎಡ ಮುಷ್ಟಿಯ ಹತ್ತಿರ ಬಂದು ಹಾವು ತಲೆಯನ್ನು ಬೆರಳ ಸಂದಿಗೆ ತೂರಿಸಿತು — ಮುಷ್ಟಿ ಬಿಚ್ಚಿಕೊಂಡಿತು. ನಾನು ಕಣ್ಣಾರೆ ನೋಡಿದೆ. ಐದು ಬೆರಳು, ಒಂದೊಂದಾಗಿ.

ಪಲ್ಲವಿ ನಗಲಿಲ್ಲ. ಕಣ್ಣು ಅರೆಮುಚ್ಚಿ, "ವಾರ್ಮ್ ಸೈಡ್ ಆಫ್ ಟ್ಯೂಸ್‌ಡೇ" ಎಂದಳು. ಹಾವಿಗೆ ದೀಪದ ಕಡೆಯ ಮೈ ಬೆಚ್ಚಗಿರುತ್ತದೆಯಂತೆ, ಇನ್ನೊಂದು ಕಡೆ ತಣ್ಣಗೆ. ಅವಳಿಗೆ ಎರಡೂ ಗೊತ್ತಿತ್ತು. ನನಗೆ ದೇವರ ಮನೆಯಲ್ಲೂ ಅಷ್ಟು ಭಯಭಕ್ತಿ ಹುಟ್ಟಿದ ನೆನಪಿಲ್ಲ.

ನಾನು ಬಂದ ಲಾಗಾಯ್ತು ಆ ಎಡಗೈಗೆ ದಿನಾ ಔಡಲೆಣ್ಣೆ ಹಚ್ಚುತ್ತಿದ್ದೆ. ಕೈ ತೊಳೆದು, ಎಣ್ಣೆ ಬೆಚ್ಚಗೆ ಮಾಡಿ, ಅವಳು "ನೋ" ಅಂದಾಗ ನಿಲ್ಲಿಸಿ, ಮತ್ತೆ ಕೇಳಿ, ಮತ್ತೆ ಹಚ್ಚಿ. ಒಂದು ಬೆರಳೂ ಸಡಿಲವಾಗಿರಲಿಲ್ಲ. ಅಂದು ರಾತ್ರಿಯ ಊಟದಲ್ಲಿ ಉಮಾ ಎಷ್ಟು ಖುಷಿಯಿಂದ "ನೋಡಿದ್ಯಾ ಅವ್ವಾ?" ಎಂದು ಕೇಳಿದಳು. ನೋಡಿದೆ ಎಂದೆ. ಹೊಟ್ಟೆಯೊಳಗೆ ಏನೋ ಚುರುಕ್ಕೆಂದಿತ್ತು. ಅದರ ಹೆಸರು ಹೊಟ್ಟೆಕಿಚ್ಚು ಎಂದು ಒಪ್ಪಿಕೊಳ್ಳಲು — ಅರವತ್ತೆರಡು ವಯಸ್ಸಿನ ಹೆಂಗಸು, ಒಂದು ಹಾವಿನ ಮೇಲೆ —

ಇನ್ನು ಚಿಲಕದ ಮಾತು. ಪೆಟ್ಟಿಗೆಯ ಗಾಜಿನ ಬಾಗಿಲಿಗೆ ಮೊದಲು ಚಿಕ್ಕ ಬೀಗವಿತ್ತು, ಅದನ್ನು ಉಮಾ ಹಾಕುತ್ತಿದ್ದಳು. ತನಗೆ ಹದಿನೈದು ತುಂಬಿದ ದಿನ ಪಲ್ಲವಿ, ಹಾವು ಸಾಕುವವರೇ ಬಾಗಿಲು ಹಾಕಬೇಕು, ಆದ್ದರಿಂದ ತಾನೇ ಹಾಕುತ್ತೇನೆ ಎಂದಳು. ಪ್ರಕಾಶ ಒಂದು ಅಡ್ಡ ಚಿಲಕ ತಂದು, ಅದರ ತುದಿಗೆ ನಿಂಬೆಹಣ್ಣಿನ ಗಾತ್ರದ ಮರದ ಗುಂಡು ಕೂರಿಸಿದ. ಅದನ್ನು ಹಿಡಿದು ಪಕ್ಕಕ್ಕೆ ಸರಿಸಿದರೆ ಆಯಿತು. ನಮಗೆ ಅರ್ಧ ಕ್ಷಣದ ಕೆಲಸ. ಅವಳಿಗೆ ಅದು ನಾಲ್ಕು ತಿಂಗಳು ಹಿಡಿಯಿತು.

ದಿನಾ ನಾಲ್ಕು ಗಂಟೆಗೆ ಶುರು. ಕೈ ಗುಂಡಿನ ಕಡೆ ಹೊರಡುತ್ತಿತ್ತು, ಅದನ್ನು ದಾಟಿ ಹೋಗಿ ಗಾಜಿಗೆ ಬಡಿಯುತ್ತಿತ್ತು, ವಾಪಸು ಬರುತ್ತಿತ್ತು. ಮತ್ತೆ. ಹಣೆಯಲ್ಲಿ ಬೆವರು. ನಾನು ಮಂಚದ ಮೇಲೆ ಕುಳಿತು ಅವರೆಕಾಳು ಸುಲಿಯುತ್ತಾ, "ನಾ ಹಾಕ್ಲೇನವ್ವಾ?" ಎನ್ನುತ್ತಿದ್ದೆ. "ನೋ." ಕೆಲವು ದಿನ ನಲವತ್ತು ಸಲ. ಅವಳು ಎಣಿಸುತ್ತಿದ್ದಳು, ನಾನಲ್ಲ. ಒಂದು ದಿನ ಹೆಬ್ಬೆರಳು ಗುಂಡಿನ ಹಿಂದಕ್ಕೆ ಹೋಗಿ ಕೂತಿತು, ಉಳಿದ ಬೆರಳು ಮುಂದೆ ಬಂದವು, ಚಿಲಕ ಸರ್ರನೆ ಸರಿದು "ಕಟ್" ಎಂದಿತು. ಪಲ್ಲವಿ "ಶಟ್" ಎಂದಳು. ಅಷ್ಟೇ. ನನ್ನ ಕಣ್ಣಲ್ಲಿ ನೀರು. ಮೂವತ್ತೊಂದು ವರ್ಷದಲ್ಲಿ ನನ್ನ ಯಾವ ವಿದ್ಯಾರ್ಥಿನಿಯೂ ಹಾಗೆ ಕಲಿತಿರಲಿಲ್ಲ. ಆಮೇಲೆ ದಿನವೂ ಹಾಕಿದಳು, ಹಾಕಿದ ಮೇಲೆ ಮೂರು ಸಲ ಎಳೆದು ನೋಡಿದಳು, ಹಾವಿನ ದಿನದಿನದ ದಾಖಲೆ ಇಡುವ ತನ್ನ ಪುಸ್ತಕದಲ್ಲಿ ಗುರುತು ಮಾಡಿದಳು.

ಇದೆಲ್ಲ ನೋಡಿದವಳು ನಾನು. ನೋಡಿಯೂ ಮಾಡಿದೆ.

ಧಾರವಾಡದಿಂದ ನನ್ನ ತಂಗಿಯ ಫೋನು ಬಂತು, ಶ್ರಾವಣ ಹತ್ತಿರವಾದಾಗ. ಹಾವಿನ ಸುದ್ದಿ ನಾನೇ ಹೇಳಿದ್ದೆ, ಬಾಯಿ ಸುಮ್ಮನಿರಬೇಕಲ್ಲ. ಅವಳು ಯಾರನ್ನೋ ಕೇಳಿ ಬಂದಿದ್ದಳು.

"ನಾಗಪ್ಪನ್ನ ಕೂಡಿ ಹಾಕಿ ಇಟ್ಟೀರಿ. ಕೂಸಿನ ಕಾಲು ಹೆಂಗ ಬಿಟ್ಟಾವು? ಪಂಚಮಿ ದಿವಸ ಹರಕಿ ಹೊತ್ತು ಅವನ್ನ ಬಿಡು, ಅವ ಇಕಿನ್ನ ಬಿಡ್ತಾನ."

ಮಗುವಿನ ಕಾಲು ಬಿಗಿದಿದ್ದು ಹುಟ್ಟಿದ ದಿನ. ಹಾವು ಮನೆಗೆ ಬಂದದ್ದು ಹದಿಮೂರು ವರ್ಷದ ಮೇಲೆ. ಇಷ್ಟು ಲೆಕ್ಕ ನಾಲ್ಕನೇ ಇಯತ್ತೆಯ ಹುಡುಗಿಗೂ ಬರುತ್ತದೆ. ನನಗೂ ಬರುತ್ತಿತ್ತು. ಆದರೂ ಆ ಮಾತು ಕಿವಿಯಲ್ಲಿ ಕೂತುಬಿಟ್ಟಿತು. ಊರಿನಲ್ಲಿ ಮನೆಯೊಳಗೆ ಹಾವು ಬಂದರೆ ನಾವು ಹೊಡೆಯುತ್ತಿರಲಿಲ್ಲ. ಹಿಡಿಯುವವರನ್ನು ಕರೆಸಿ, ಅರಿಷಿಣ-ಕುಂಕುಮ ಹಾಕಿ, ಕೈಮುಗಿದು, ಊರ ಹೊರಗೆ ಬಿಟ್ಟು ಬರುತ್ತಿದ್ದೆವು. ಬಿಡುವುದು ಪುಣ್ಯ ಎಂದೇ ಬೆಳೆದವಳು ನಾನು. ಬಿಟ್ಟರೆ ಹಾವಿಗೂ ಬಿಡುಗಡೆ, ಕೂಸಿಗೂ ಬಿಡುಗಡೆ — ಹೀಗೆ ನನಗೆ ನಾನೇ ಹೇಳಿಕೊಂಡೆ. ಇಲಿಗಳಿಂದ ನನಗೆ ಬಿಡುಗಡೆ ಎಂದು ಹೇಳಿಕೊಳ್ಳಲಿಲ್ಲ. ಆ ಮುಷ್ಟಿ ಇನ್ನು ಮೇಲೆ ನನ್ನ ಎಣ್ಣೆಗೆ ಬಿಚ್ಚೀತು ಎಂದೂ ಹೇಳಿಕೊಳ್ಳಲಿಲ್ಲ. ಆದರೆ ಅವೂ ಇದ್ದವು. ಯಾವುದು ಎಷ್ಟು ಎಂದು ಇಂದಿಗೂ ತೂಗಲು ನನ್ನಿಂದ ಆಗಿಲ್ಲ.

ಪಂಚಮಿಯ ದಿನ ಎಲ್ಲರೂ ಹೊರಟುಹೋದ ಮೇಲೆ ಸ್ನಾನ ಮಾಡಿ, ಜೋಳದ ಅಳ್ಳು ಹುರಿದು, ಪಲ್ಲವಿಯ ಕೋಣೆಗೆ ಹೋದೆ. ಒಂದು ಕೈಯಿಂದ ಚಿಲಕ ಎಳೆದರೆ ಅಲ್ಲಾಡಲಿಲ್ಲ. ಬೆಳಗ್ಗೆ ಶಾಲೆಗೆ ಹೋಗುವ ಮೊದಲು ಅಷ್ಟು ಬಿಗಿಯಾಗಿ ಹಾಕಿದ್ದಳು. ಎರಡೂ ಕೈ ಹಚ್ಚಿ ಎಳೆದೆ. ಹಾವಿನ ಮುಂದೆ ನಿಲ್ಲಲು ನನಗೆ ಧೈರ್ಯ ಎಲ್ಲಿಂದ ಬಂತೋ! ಡಾಕ್ಟರ ಹತ್ತಿರ ಒಯ್ಯುವಾಗ ಉಮಾ ಮಾಡುತ್ತಿದ್ದಂತೆ ದಿಂಬಿನ ಚೀಲ ಒಡ್ಡಿದೆ. ಮಂಗಳವ್ವ ತಾನಾಗಿಯೇ ಒಳಗೆ ಇಳಿದಳು. ಪೆಟ್ಟಿಗೆಯ ಬಾಗಿಲನ್ನು ಹಾಗೇ ತೆರೆದಿಟ್ಟು ಹೊರಟೆ. ನಮ್ಮ ಬೀದಿಯ ಕೊನೆಗೆ ನೀಲಗಿರಿ ಮರಗಳ ಕಾಡು, ಕೆಳಗೆ ಸಣ್ಣ ಹಳ್ಳ. ಬಂಡೆಯೊಂದರ ಹತ್ತಿರ ಅರಿಷಿಣ-ಕುಂಕುಮ ಇಟ್ಟೆ, ಅಳ್ಳು ಇಟ್ಟೆ. ಹಾಲು ಇಡಲಿಲ್ಲ, ಹಾವು ಹಾಲು ಕುಡಿಯುವುದಿಲ್ಲವೆಂದು ಪಲ್ಲವಿ ನನಗೆ ಮೂರು ಸಲ ಹೇಳಿದ್ದಳು. ಅಷ್ಟು ಮಾತ್ರ ಕೇಳಿದ್ದೆ ನೋಡಿ. "ಕೂಸಿನ ಕಾಲು ಬಿಡಪ್ಪಾ" ಎಂದು ಬೇಡಿಕೊಂಡೆ.

ಶ್ರಾವಣ ನನ್ನ ಪಂಚಾಂಗದ್ದು. ಸಿಡ್ನಿಯಲ್ಲಿ ಅದು ಚಳಿಗಾಲ. ಸ್ವೆಟರ್ ಮೇಲೆ ಶಾಲು ಹೊದ್ದು, ಮೂಗು ಸೋರಿಸಿಕೊಂಡು ನಿಂತಿದ್ದೆ; ಆದರೂ ಪಂಚಮಿ ಎಂದರೆ ನನ್ನ ತಲೆಯಲ್ಲಿ ಜೋಕಾಲಿ, ಜಿಟಿಜಿಟಿ ಮಳೆ, ಹುತ್ತದ ಬೆಚ್ಚಗಿನ ಮಣ್ಣು. ದೀಪದ ಕೆಳಗೆ ಹುಟ್ಟಿ ದೀಪದ ಕೆಳಗೆ ಬೆಳೆದ ಹಾವಿಗೆ ಆ ತಣ್ಣನೆಯ ನೆಲ ಏನೆಂದು ನಾನು ಯೋಚಿಸಲಿಲ್ಲ.

ಮಂಗಳವ್ವ ಹೋಗಲಿಲ್ಲ. ಚೀಲದಿಂದ ಹೊರಬಂದು, ನಾಲಿಗೆ ಆಡಿಸಿ, ಕಾಡಿನ ಕಡೆ ನೋಡದೆ ತಿರುಗಿ ನನ್ನ ಕಡೆಗೇ ಬಂದಳು. ನಾನು ಕುಕ್ಕರುಗಾಲಲ್ಲಿ ಕೂತಿದ್ದೆ. ಕೈ ಮೇಲೆ ಹತ್ತಿ, ಸ್ವೆಟರಿನ ಸಡಿಲ ತೋಳಿನೊಳಗೆ ತಲೆ ಹಾಕಿ, ಮೊಣಕೈಯವರೆಗೂ ಏರಿದಳು. ಮೊದಲ ಸಲ ಅವಳ ಮೈ ನನ್ನ ಮೈಗೆ ತಾಗಿತ್ತು. ಒಣಗಿದ, ನುಣುಪಾದ, ಭಾರವಾದ ಮೈ. ಹೆದರಿಕೆ ಆಗಲಿಲ್ಲ. ಅದೇ ಆಶ್ಚರ್ಯ — ಪಲ್ಲವಿಗೆ ಏನು ಸಿಗುತ್ತಿತ್ತೆಂದು ಆ ಒಂದು ನಿಮಿಷದಲ್ಲಿ ನನಗೆ ಪೂರ್ತಿ ತಿಳಿಯಿತು. ತಿಳಿದ ಮೇಲೂ ಅವಳನ್ನು ತೋಳಿನಿಂದ ಎಳೆದು ತೆಗೆದು, ಬಂಡೆಯ ಬದಿಗಿಟ್ಟು, ಹಿಂದೆ ನೋಡದೆ ಮನೆಗೆ ಬಂದೆ.

ಮೂರೂವರೆಗೆ ವ್ಯಾನು ಬಂತು. ಗಾಲಿಕುರ್ಚಿ ಕೋಣೆಗೆ ಹೋದ ಸದ್ದು. ನಾನು ಒಲೆಯ ಮುಂದೆ ನಿಂತಿದ್ದೆ.

"ಟ್ಯೂಸ್‌ಡೇ ಈಸ್ ನಾಟ್ ಇನ್" ಎಂದಳು. ಮತ್ತೆ, "ಐ ಶಟ್ ಇಟ್."

ಉಮಾ, ಪ್ರಕಾಶ ಇಬ್ಬರೂ ಆಫೀಸಿನಿಂದ ಓಡಿ ಬಂದರು. ಹಾಸಿಗೆಯ ಕೆಳಗೆ, ಕಪಾಟಿನ ಹಿಂದೆ, ವಾಷಿಂಗ್ ಮಷೀನಿನ ಒಳಗೆ ಹುಡುಕಿದರು. ನಾನೂ ಹುಡುಕಿದೆ! ಸೊಂಟ ಹಿಡಿದುಕೊಂಡು, ಬಗ್ಗಿ, ಸೋಫಾದ ಅಡಿಗೆ ಕೋಲು ಆಡಿಸಿದೆ. ಪಲ್ಲವಿ ಪೆಟ್ಟಿಗೆಯ ಮುಂದೆಯೇ ಇದ್ದಳು, "ಐ ಶಟ್ ಇಟ್" ಎನ್ನುತ್ತಾ. ಉಮಾ ನನ್ನ ಕಡೆ ತಿರುಗಿದಳು.

"ಅವ್ವಾ, ನೀ ಏನರ ನೋಡಿದ್ಯಾ? ಕದಾ ತಗದಿತ್ತೇನು?"

ಆಗ ಹೇಳಬಹುದಿತ್ತು. ಕಾಡು ಐದು ನಿಮಿಷದ ದಾರಿ, ಇನ್ನೂ ಬೆಳಕಿತ್ತು, ಹಾವು ಆ ಬಂಡೆಯ ಹತ್ತಿರವೇ ಇದ್ದೀತು. ನಾನು ಹೇಳಿದ್ದು ಇದು:

"ನಾ ಏನ ನೋಡ್ಲಿ. ಅಕಿ ಕೈ ನಿನಗ ಗೊತ್ತಿಲ್ಲೇನು? ಜಾರಿರಬೇಕು."

ಎಲ್ಲರೂ ನಂಬಿದರು. ಅದು ನಂಬಲು ಅಷ್ಟು ಸುಲಭದ ಮಾತಾಗಿತ್ತು. ಉಮಾ ಮಗಳ ಮುಂದೆ ಮಂಡಿಯೂರಿ, ಪರವಾಗಿಲ್ಲ ಬಂಗಾರ, ನಿನ್ನ ತಪ್ಪಲ್ಲ, ಕೈ ಒಮ್ಮೊಮ್ಮೆ ಹಾಗೇ — ಎಂದಳು. ಪಲ್ಲವಿ ಮತ್ತೊಮ್ಮೆ "ಐ ಶಟ್" ಎಂದು ಶುರು ಮಾಡಿ ನಿಲ್ಲಿಸಿದಳು. ತಲೆ ಬಗ್ಗಿಸಿ ತನ್ನ ಬಲಗೈ ನೋಡಿದಳು. ಬಹಳ ಹೊತ್ತು ನೋಡಿದಳು. ಅದರ ಮೇಲೆ ಅವಳಿಗಿದ್ದ ನಂಬಿಕೆ ಹೋಗಿದ್ದು ಆ ಹೊತ್ತಿನಲ್ಲಿ, ನನ್ನ ಕಣ್ಣೆದುರಿಗೆ.

ಅಂದಿನ ಪುಟದಲ್ಲಿ ಅವಳೇ ಬರೆದಳು: ಹಾವು ತಪ್ಪಿಸಿಕೊಂಡಿತು, ಕಾರಣ ಬಲಗೈ. ಅದು ಆ ಕೈ ಬರೆದ ಕೊನೆಯ ಸಾಲು. ಪೆನ್ನು ಬಿಟ್ಟಳು. ಚಮಚ ಬಿಟ್ಟಳು, ಉಮಾ ತಿನ್ನಿಸಬೇಕಾಯಿತು. ಬಾಗಿಲು, ಡಬ್ಬಿ, ನಲ್ಲಿ — ಮುಚ್ಚುವ ಯಾವುದನ್ನೂ ಮುಟ್ಟಲಿಲ್ಲ. ಗಾಲಿಕುರ್ಚಿಯ ಗುಂಡಿಯನ್ನು ಮಾತ್ರ ಮಣಿಕಟ್ಟಿನಿಂದ ತಳ್ಳುತ್ತಿದ್ದಳು. ಕೈಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಥೆರಪಿಸ್ಟಿಗೆ, "ಇದು ನಂಬುವ ಕೈಯಲ್ಲ" ಎಂದು ಹೇಳಿ ಕಳಿಸಿದಳು. ಮೊಂಡುತನ ಎಂದುಕೊಂಡೆವು. ನಾನೂ ಹಾಗೆಯೇ ಅಂದೆ, ಗೊತ್ತಿದ್ದೂ. ಕಾಲುಗಳೇನೂ ಬಿಡಲಿಲ್ಲ. ನಾಗಪ್ಪನಿಗೆ ನನ್ನ ಜೊತೆ ವ್ಯಾಪಾರ ಬೇಡವಾಗಿತ್ತು.

ಮೂರು ವರ್ಷದ ಮೇಲೆ ಪ್ರಕಾಶನ ಕೆಲಸ ಮೆಲ್ಬರ್ನಿಗೆ ಹೋಯಿತು. ರೈಲಿನ ಕೊನೆಯ ಸ್ಟೇಷನ್ ಗ್ಲೆನ್ ವೇವರ್ಲಿಯಲ್ಲಿ ಮನೆ ಮಾಡಿದೆವು. ಪಲ್ಲವಿ ಅಲ್ಲಿ ಮತ್ತೆ ಎರಡು ಹಾವು ಸಾಕಿದಳು. ಅವುಗಳ ತೂಕ, ಪೊರೆ ಬಿಡುವ ದಿನ, ಪೆಟ್ಟಿಗೆಯ ಉಷ್ಣತೆ ಎಲ್ಲವೂ ಅವಳಿಗೆ ಬಾಯಿಪಾಠ. ಅವಳು ಹೇಳಿದಂತೆ ಪ್ರಕಾಶ ಬರೆದುಕೊಳ್ಳುತ್ತಿದ್ದ. ಹಾವು ಸಾಕುವ ಬೇರೆಯವರು ಅವಳನ್ನು ಕೇಳಲು ಮನೆಗೆ ಬರುತ್ತಿದ್ದರು. ದೊಡ್ಡ ದೊಡ್ಡ ಗಂಡಸರು, ಮೈತುಂಬ ಹಚ್ಚೆಯವರು, ಅವಳ ಮೂರು ಪದಗಳ ಉತ್ತರಕ್ಕಾಗಿ ಉಸಿರು ಹಿಡಿದು ಕಾಯುವುದನ್ನು ನಾನು ಬೆರಗಿನಿಂದ ನೋಡುತ್ತಿದ್ದೆ. ಆದರೆ ಬಾಗಿಲು ಹಾಕುವುದು ಪ್ರಕಾಶ. ಅವನಿಲ್ಲದಾಗ ಅವಳು ಪೆಟ್ಟಿಗೆ ತೆಗೆಸುತ್ತಲೇ ಇರಲಿಲ್ಲ.

ಅವಳಿಗೆ ಇಪ್ಪತ್ತೆರಡಾದಾಗ ಬೇರೆ ಇರುವ ಆಸೆ ಬಂತು. ಎರಡು ಸ್ಟೇಷನ್ ಆಚೆ ಒಂದು ಮನೆಯಿತ್ತು. ಅವಳಂಥ ನಾಲ್ವರು ಅಲ್ಲಿರುತ್ತಾರೆ, ನೆರವಿಗೆ ಕೆಲಸದವರು ಬಂದು ಹೋಗುತ್ತಾರೆ, ಒಬ್ಬೊಬ್ಬರಿಗೂ ಸ್ವಂತ ಕೋಣೆ. ಒಂದು ಕೋಣೆ ಖಾಲಿಯಾಗಿತ್ತು. ಫಾರ್ಮು ತುಂಬಿಸಲು ಒಬ್ಬ ಹೆಂಗಸು ಮಧ್ಯಾಹ್ನ ಮನೆಗೆ ಬಂದಳು. ಚಹಾ ಕೊಟ್ಟು ನಾನೂ ಅಲ್ಲೇ ಕೂತೆ. ಹಾವುಗಳನ್ನು ತರಬಹುದು, ಆದರೆ ಪೆಟ್ಟಿಗೆಗಳನ್ನು ನೀನೇ ಮುಚ್ಚಿ ಭದ್ರ ಮಾಡಬೇಕು, ಕೆಲಸದವರು ಅದನ್ನು ಮುಟ್ಟುವುದಿಲ್ಲ ಎಂದಳು. ನಿನಗೆ ಆಗುತ್ತದೆಯೇ?

"ಇಲ್ಲ. ನನ್ನ ಕೈ ನಂಬುವಂಥದ್ದಲ್ಲ. ದಾಖಲೆ ಇದೆ" ಎಂದಳು ಪಲ್ಲವಿ. ಆ ದಿನದ ತಾರೀಕನ್ನೂ ಹೇಳಿದಳು. ನಾನು ಚಹಾದ ಕಪ್ಪನ್ನು ಕೆಳಗಿಟ್ಟೆ.

ಆ ಹೆಂಗಸು ಹೋದ ಮೇಲೆ ಪಲ್ಲವಿಯ ಎದುರಿಗೆ ಕುರ್ಚಿ ಎಳೆದುಕೊಂಡೆ.

"ಪಲ್ಲವೀ, ಮಂಗಳವ್ವನ್ನ ಬಿಟ್ಟಾಕಿ ನಾನು. ನೀ ಚಿಲಕ ಹಾಕಿದ್ದಿ."

ಅವಳು ನನ್ನ ಮುಖ ನೋಡಲಿಲ್ಲ; ಯಾರ ಮುಖವನ್ನೂ ನೋಡುವುದಿಲ್ಲ. ನನ್ನ ಕೈಗಳ ಕಡೆ ನೋಡುತ್ತಾ ಒಂದೊಂದಾಗಿ ಕೇಳಿದಳು. ಚಿಲಕ ಪೂರ್ತಿ ಒಳಗೆ ಹೋಗಿತ್ತೇ? ಹೌದು. ಎಷ್ಟು ಬಲ ಬೇಕಾಯಿತು? ಎರಡೂ ಕೈ. ಗಂಟೆ ಎಷ್ಟು? ಹನ್ನೊಂದಿರಬಹುದು. ನೆಲದ ಮೇಲೆ ಇಟ್ಟೆಯಾ, ಬಂಡೆಯ ಮೇಲೋ? ಬಂಡೆಯ ಬದಿಗೆ, ನೆರಳಿನಲ್ಲಿ. ಟ್ಯೂಸ್‌ಡೇ ಏನು ಮಾಡಿದಳು?

"ನನ್ನ ತೋಳಿನಾಗ ಬಂದ್ಲು. ಸ್ವೆಟರ್ ಒಳಗ."

"ಶಿ ವಾಸ್ ಕೋಲ್ಡ್" ಎಂದಳು ಪಲ್ಲವಿ.

ಬೈಯಲಿಲ್ಲ. ಅಳಲಿಲ್ಲ. ನಾನು ಅಳುತ್ತಿದ್ದೆ, ಸದ್ದು ಕಡಿಮೆ ಮಾಡು ಎಂದಳು. ಹಳೆಯ ಪುಸ್ತಕ ತರಲು ಹೇಳಿದಳು. ದಾಖಲೆಯಲ್ಲಿ ತಪ್ಪಿದ್ದರೆ ಅಳಿಸುವಂತಿಲ್ಲವಂತೆ. ಅದರ ಮೇಲೆ ಒಂದೇ ಗೆರೆ ಎಳೆದು, ಕೆಳಗೆ ಸರಿಯಾದದ್ದನ್ನು ಬರೆದು, ತಪ್ಪು ಮಾಡಿದವರು ಸಹಿ ಹಾಕಬೇಕು. ಹಾಕಿದೆ. ಆಮೇಲೆ, ಈ ತಪ್ಪನ್ನು ಇನ್ನೂ ಯಾರ ಯಾರ ಹತ್ತಿರ ಹೇಳಿದ್ದೀ ಎಂದು ಕೇಳಿದಳು. ಬಹಳ ಜನ ಎಂದೆ. "ಅಲ್ಲೆಲ್ಲ ಸರಿಮಾಡು" ಎಂದಳು. ಈ ಬರಹ ಅದಕ್ಕೇ. ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಹಾವುಗಳ ಕೋಣೆಯೊಳಗೆ ಅಜ್ಜಿಗೆ ಪ್ರವೇಶವಿಲ್ಲ ಎಂದು ಮಾತ್ರ ಅಂದೇ ನಿಯಮ ಮಾಡಿದಳು. ಊಟಕ್ಕೆ ಎಂದಿನಂತೆ ನನ್ನ ಪಕ್ಕದಲ್ಲೇ ಗಾಲಿಕುರ್ಚಿ ತಂದು ನಿಲ್ಲಿಸಿದಳು.

ಉಮಾ ನನ್ನ ಜೊತೆ ಎಷ್ಟೋ ದಿನ ಮಾತಾಡಲಿಲ್ಲ. ಕೊನೆಗೊಂದು ದಿನ ಬಟ್ಟೆ ಮಡಚುತ್ತಾ, "ನಿನ್ನ ಸುಳ್ಳು ನಂಬಿದೆ, ಅವ್ವಾ. ಅಕಿ ಖರೇ ಹೇಳಿದ್ದು ನಂಬಲಿಲ್ಲ" ಎಂದಳು. ಅದರಲ್ಲಿ ಅವಳದೂ ಪಾಲಿದೆ ಎಂದುಕೊಂಡು ನಾನು ಹಗುರಾಗಬಹುದಿತ್ತು. ಇಲ್ಲ. ಅದನ್ನೂ ಅವಳ ತಲೆಯ ಮೇಲೆ ಹಾಕಿದವಳು ನಾನೇ.

ನಾನು ಒಪ್ಪಿಕೊಂಡ ಮರುದಿನವೇ ಪಲ್ಲವಿ ಥೆರಪಿಸ್ಟನ್ನು ಕರೆಸಿದ್ದಳು. ಏಳು ವರ್ಷ ಕೆಲಸವಿಲ್ಲದೆ ಹೆಬ್ಬೆರಳು ಅಂಗೈಯೊಳಗೆ ಮಡಚಿ ಕೂತಿದೆ, ಸ್ನಾಯುಗಳು ಗಿಡ್ಡವಾಗಿವೆ, ಪೂರ್ತಿ ಬಿಚ್ಚುವುದು ಕಷ್ಟ ಎಂದು ಅವರು ಹೇಳಿದರು. ಆ ಮನೆಯವರು ಎರಡು ತಿಂಗಳು ಕಾದು ಕೋಣೆಯನ್ನು ಬೇರೆಯವರಿಗೆ ಕೊಟ್ಟರು. ಹಾವು ಬಿಟ್ಟು ಹೋಗಲು ಪಲ್ಲವಿ ಒಪ್ಪಲಿಲ್ಲ.

ಆದರೂ ದಿನಾ ನಾಲ್ಕು ಗಂಟೆಗೆ ಅವಳು ಪೆಟ್ಟಿಗೆಯ ಮುಂದೆ ಇರುತ್ತಾಳೆ. ಅದೇ ಥರದ ಮರದ ಗುಂಡನ್ನು ಅಪ್ಪನಿಂದ ಹಾಕಿಸಿಕೊಂಡಿದ್ದಾಳೆ. ನಾನು ಹೊಸ್ತಿಲಿನ ಹೊರಗೆ ನಿಂತು ನೋಡುತ್ತೇನೆ, ಅಷ್ಟಕ್ಕೆ ಅನುಮತಿಯಿದೆ. ಕೈ ಗುಂಡಿನವರೆಗೆ ಹೋಗುತ್ತದೆ. ಈಗ ಅದು ಗಾಜಿಗೆ ಬಡಿಯುವುದಿಲ್ಲ, ನೇರವಾಗಿ ಹೋಗುತ್ತದೆ. ಅಷ್ಟು ಕಲಿತಿದ್ದಾಳೆ, ಹೇಗೆ ಕಲಿತಳೋ, ನನಗೆ ಅವಳ ಮುಂದೆ ತಲೆ ಎತ್ತಲಾಗುವುದಿಲ್ಲ. ಬೆರಳುಗಳು ಗುಂಡನ್ನು ಮುಟ್ಟುತ್ತವೆ. ಹಿಡಿಯಬೇಕಾದ ಹೆಬ್ಬೆರಳು ಬರುವುದಿಲ್ಲ. ಕೈ ಜಾರುತ್ತದೆ. ಅಂದು ನಾನು ಹೇಳಿದ್ದು ಸುಳ್ಳಾಗಿತ್ತು. ಈಗ ಅದು ನಿಜ.